ಬರಿದಲೆಯ ಮರ್ಯಾದೆ

ಈ ಸಲದ ಜನವರಿ 26ರಂದು ಬ್ಯಾಡಗಿ ತಾಲೂಕಿನ ನಮ್ಮ ಊರ ಶಾಲೆಯ ಅಂಗಳದಲ್ಲಿ ಎಂಟು ವರ್ಷದ ನನ್ನ ಮಗಳು ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಎದೆಗೆ ಅವಚಿಕೊಂಡು ಎರಡೂವರೆ ತಾಸು ನಿಂತಿದ್ದಳು. ನಾವು ಹನ್ನೊಂದು ವರ್ಷಗಳಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದೇವೆ. ಅಲ್ಲಿನ ಬೇಸಿಗೆ ರಜೆ ಡಿಸೆಂಬರ್-ಜನವರಿಯಲ್ಲಿ ಬರುತ್ತದೆ. ಹೊಸ ತರಗತಿಯ ಮೊದಲ ದಿನಗಳು ತಪ್ಪಿದರೂ ಚಿಂತೆಯಿಲ್ಲ, ಧ್ವಜಾರೋಹಣಕ್ಕೆ ಊರಿನಲ್ಲಿರಲೇಬೇಕು ಎಂಬುದು ನನ್ನ ಹಟವಾಗಿತ್ತು. ಅವಳು ಹಾಕಿಕೊಂಡು ಬಂದದ್ದು ತನ್ನ ಅಲ್ಲಿನ ಶಾಲೆಯ ನೀಲಿ ಟೊಪ್ಪಿಗೆಯನ್ನು, ಸುತ್ತಲೂ ಅಗಲವಾದ ಅಂಚು ಮತ್ತು ಗದ್ದದ ಕೆಳಗೆ ಬಿಗಿಯುವ ದಾರ ಇರುವಂಥದನ್ನು. ಸಾಲು ಸರಿಪಡಿಸುತ್ತ ಬಂದ ಹಿರಿಯ ಮಾಸ್ತರರು, ಸಿಟ್ಟೇನೂ ಇಲ್ಲದ ದನಿಯಲ್ಲಿ, "ಝಂಡಾದ ಮುಂದ ಟೊಪ್ಪಿಗಿ ಹಾಕ್ಕೊಂಡು ನಿಂದರಬಾರದವ್ವಾ, ತಗಿ" ಎಂದರು. ತೆಗೆದಳು.

ಧ್ವಜ ಏರಿದ್ದು ಎಂಟೂವರೆಗೆ. ಅನಂತರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ಬಗ್ಗೆ ಒಬ್ಬ ಹುಡುಗ ಬಾಯಿಪಾಠ ಮಾಡಿದ ಭಾಷಣ ಹೇಳಿದ. ಅದು ಚೆನ್ನಾಗಿಯೇ ಇತ್ತು, ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದೊಡ್ಡವರ ಭಾಷಣಗಳು, ಲೇಜಿಮು, ದೇಣಿಗೆ ಕೊಟ್ಟವರಿಗೆ ಶಾಲು ಹಾರ ಎಲ್ಲವೂ ಮುಗಿಯುವಾಗ ಹನ್ನೊಂದು ಹೊಡೆದಿತ್ತು. ಶಾಮಿಯಾನ ಅತಿಥಿಗಳಿಗೆ ಮಾತ್ರ ಸಾಕಾಗುವಷ್ಟಿತ್ತು. ಧ್ವಜ ಏರಿಸಿದ ಹಿರಿಯರ ತಲೆಯ ಮೇಲೆ ಗಂಜಿ ಹಾಕಿದ ಗಾಂಧಿ ಟೊಪ್ಪಿಗೆ ಇದ್ದದ್ದನ್ನು ಗಮನಿಸಿದವಳು ಮಗಳೇ. "ಅಪ್ಪಾ, ಅಲ್ಲಿ ಹ್ಯಾಟ್ ಇಲ್ಲ ಅಂದ್ರೆ ಆಡಾಕ ಬಿಡೂದಿಲ್ಲ, ಇಲ್ಲಿ ಹ್ಯಾಟ್ ಇದ್ರೆ ನಿಂದ್ರಾಕ ಬಿಡೂದಿಲ್ಲ" ಎಂದು ಮನೆಗೆ ಬರುವ ದಾರಿಯಲ್ಲಿ ಹೇಳಿದಳು. ಅವಳ ಮೂಗಿನ ತುದಿ ಮತ್ತು ಕಿವಿಯ ಮೇಲಂಚು ಕೆಂಪಾಗಿದ್ದವು.

ಅವಳು ಹೇಳಿದ್ದು ನಿಜ. ಅಲ್ಲಿ ಶಾಲೆಗಳಲ್ಲಿ ಟೊಪ್ಪಿಗೆ ಮರೆತು ಬಂದ ಮಗು ಆಟದ ವೇಳೆಯಲ್ಲಿ ನೆರಳಿನಲ್ಲಿ ಕೂಡಬೇಕು. ಹೊರಗೆ ಹೋಗುವ ಇಪ್ಪತ್ತು ನಿಮಿಷ ಮೊದಲು ಮಕ್ಕಳು ತರಗತಿಯ ಬಾಗಿಲ ಬಳಿಯ ಸೀಸೆಯಿಂದ ಸನ್‌ಸ್ಕ್ರೀನ್ ಎಂಬ ಬಿಸಿಲು ತಡೆಯುವ ಕ್ರೀಮನ್ನು ಒತ್ತಿಕೊಂಡು ಬಳಿದುಕೊಳ್ಳುತ್ತಾರೆ. ಮಳೆಯ ಮುನ್ಸೂಚನೆಯ ಜೊತೆಗೆ ಯುವಿ ಸೂಚ್ಯಂಕವನ್ನೂ, ಅಂದರೆ ಬಿಸಿಲಿನ ಅತಿನೇರಳೆ ಕಿರಣಗಳ ತೀವ್ರತೆಯ ಅಂಕಿಯನ್ನೂ ಹೇಳುತ್ತಾರೆ. ಅದು 3 ಮುಟ್ಟಿತೆಂದರೆ ಟೊಪ್ಪಿಗೆ, ಕ್ರೀಮು, ತುಂಬುತೋಳಿನ ಅಂಗಿ. ನಮ್ಮ ಊರಿನಲ್ಲಿ ಆ ದಿನ ಹನ್ನೊಂದು ಗಂಟೆಗೆ ನನ್ನ ಫೋನು 6 ಎಂದು ತೋರಿಸುತ್ತಿತ್ತು, ಚಳಿಗಾಲದಲ್ಲಿ! ಗಾಳಿ ತಂಪಾಗಿದ್ದರೆ ಬಿಸಿಲೂ ತಂಪಾಗಿದೆ ಎಂದು ನಾವು ತಿಳಿಯುತ್ತೇವೆ. ಅತಿನೇರಳೆ ಕಿರಣಗಳಿಗೆ ಸೆಕೆಯ ಹಂಗಿಲ್ಲ, ತೆಳುಮೋಡದ ಹಂಗೂ ಇಲ್ಲ.

ಆಸ್ಟ್ರೇಲಿಯಾದವರು ಇದನ್ನು ಹುಟ್ಟಿನಿಂದಲೇ ಬಲ್ಲವರೇನಲ್ಲ. 1981ರಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಒಂದು ಕಡಲಹಕ್ಕಿಯ ಚಿತ್ರವನ್ನು ಟಿವಿಯಲ್ಲಿ ಕುಣಿಸಿ, "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಎಂದು ಹಾಡಿಸಿ, ಅಂಗಿ ತೊಡಿ, ಕ್ರೀಮು ಬಳಿಯಿರಿ, ಟೊಪ್ಪಿಗೆ ಹಾಕಿರಿ ಎಂದು ಮಕ್ಕಳಿಗೂ ಮುದುಕರಿಗೂ ಕಲಿಸಿದರು. 2007ರಲ್ಲಿ ನೆರಳು ಹುಡುಕುವುದನ್ನೂ ತಂಪು ಕನ್ನಡಕವನ್ನೂ ಸೇರಿಸಿದರು. ಎಪ್ಪತ್ತು ವರ್ಷ ತುಂಬುವುದರೊಳಗೆ ಅಲ್ಲಿನ ಮೂವರಲ್ಲಿ ಇಬ್ಬರಿಗಾದರೂ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆಂಬುದು ಅವರ ಲೆಕ್ಕ. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರ ಎಡಗಿವಿಯ ಮೇಲಿನ ತುಣುಕೇ ಇಲ್ಲ. ಕೇಳಿದರೆ, "ಹುಡುಗನಾಗಿದ್ದಾಗ ಟೊಪ್ಪಿಗೆ ಹಾಕಲಿಲ್ಲ" ಎಂದಷ್ಟೇ ಹೇಳಿ ನಗುತ್ತಾರೆ.

ನನ್ನನ್ನು ಚುಚ್ಚಿದ್ದು ಮಾಸ್ತರರ ಮಾತಲ್ಲ, ಆ ಮಾತನ್ನು ನಮ್ಮ ಊರಿನಲ್ಲಿ ಕೇಳಬೇಕಾಗಿ ಬಂದದ್ದು. ನನ್ನ ಅಜ್ಜ ಬರಿದಲೆಯಲ್ಲಿ ಓಣಿಗೆ ಇಳಿದದ್ದನ್ನು ನಾನು ನೋಡಿಲ್ಲ. ನಸುಕಿನಲ್ಲಿ ಎದ್ದು ಮುಖ ತೊಳೆದವನೇ ಗೂಟದ ಮೇಲಿನ ರುಮಾಲನ್ನು ಇಳಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಉಳಿದದ್ದನ್ನು ಕನ್ನಡಿಯಿಲ್ಲದೆ ಸುತ್ತಿ, ಕೊನೆಯ ಚುಂಗನ್ನು ಹಿಂದಕ್ಕೆ ಬಿಡುತ್ತಿದ್ದ. ಆ ಚುಂಗು ಕುತ್ತಿಗೆಯ ಮೇಲೆ ಸರಿಯಾಗಿ ಬೀಳುತ್ತಿತ್ತು. ಬ್ರಿಸ್ಬೇನಿನ ಅಂಗಡಿಯಲ್ಲಿ ಕುತ್ತಿಗೆ ಮುಚ್ಚುವ ಬಟ್ಟೆ ಹೊಲಿದ ಮಕ್ಕಳ ಟೊಪ್ಪಿಗೆಯನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅದೇ ಚುಂಗು. ಅಜ್ಜನಿಗೆ ಅದೇ ರುಮಾಲು ಹೊಲದಲ್ಲಿ ತಲೆದಿಂಬು, ಸಂತೆಯಲ್ಲಿ ಗಂಟು, ಬೆವರಿಗೆ ಒರಸುವ ಬಟ್ಟೆ. ಹಿರಿಯರ ಮುಂದೆ ಬರಿದಲೆಯಲ್ಲಿ ಬಂದವನು ಒಂದೋ ಸೂತಕದವನು, ಇಲ್ಲವೇ ಮರ್ಯಾದೆ ಗೊತ್ತಿಲ್ಲದವನು. ಹೆಂಗಸರಿಗೆ ಸೆರಗು, ಕೂಸಿಗೆ ಕುಂಚಿಗೆ. ತಲೆ ಮುಚ್ಚುವುದನ್ನೇ ಗೌರವವೆಂದು ತಿಳಿದಿದ್ದ ಊರು ಒಂದೇ ಜೀವಮಾನದಲ್ಲಿ ತಲೆ ತೆರೆಯುವುದನ್ನು ಗೌರವವೆಂದು ಕಲಿತದ್ದು ಯಾವ ಪಾಠದಿಂದಲೋ ನಾನರಿಯೆ. ಬಿಸಿಲು ಮಾತ್ರ ಅದೇ ಇದೆ.

ಉಳಿದ ರಜೆಯಲ್ಲಿ ನನ್ನ ತಲೆಯೇ ಮನೆಮಂದಿಯ ಚರ್ಚೆಯ ವಿಷಯವಾಯಿತು. ಹನ್ನೊಂದು ವರ್ಷಗಳಲ್ಲಿ ನೆತ್ತಿ ಬಯಲಾಗಿರುವುದು ನಿಜ. "ಹಗಲೆಲ್ಲ ಟೊಪ್ಪಿಗಿ ಹಾಕ್ಕೊಂಡು ಕೂದಲಿಗೆ ಗಾಳಿನ ಆಡಿಲ್ಲ, ಅದಕ್ಕ ಉದುರ್ಯಾವ" ಎಂದು ಚಿಕ್ಕಮ್ಮ ತೀರ್ಪು ಕೊಟ್ಟಳು. ಆದರೆ ಜೀವಮಾನವಿಡೀ ರುಮಾಲು ಬಿಚ್ಚದ ಅಜ್ಜನಿಗೆ ಸಾಯುವಾಗಲೂ ದಟ್ಟವಾದ ಬಿಳಿಗೂದಲಿತ್ತು, ತಲೆಗೆ ಏನೂ ಹಾಕದ ಅಪ್ಪನ ನೆತ್ತಿ ನಲವತ್ತಕ್ಕೇ ಹೊಳೆಯುತ್ತಿತ್ತು. ಇದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಗಂಡಸರ ಬೋಳಿಗೆ ಕಾರಣ ಮನೆತನದ ಗುಣ ಮತ್ತು ಡಿಎಚ್‌ಟಿ ಎಂಬ ಹಾರ್ಮೋನು; ಅದು ಕೂದಲ ಬುಡವನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಈಗ ನೆತ್ತಿಗೆ ಹಚ್ಚುವ ಔಷಧವಾಗಿದೆ, ಹಚ್ಚುವುದನ್ನು ಬಿಟ್ಟರೆ ಅದರಿಂದ ಬಂದ ಕೂದಲು ಮತ್ತೆ ಹೋಗುತ್ತದೆ. ನಾನು ಅದರ ಗೊಡವೆಗೆ ಹೋಗಿಲ್ಲ. ಕೂದಲಿಲ್ಲದ ನೆತ್ತಿ ಬಿಸಿಲಿಗೆ ನೇರವಾಗಿ ಒಡ್ಡಿಕೊಳ್ಳುವುದರಿಂದ ಟೊಪ್ಪಿಗೆಯ ಅಗತ್ಯ ಬೋಳುತಲೆಯವನಿಗೇ ಹೆಚ್ಚು ಎಂದು ಹೇಳಹೋದರೆ ಚಿಕ್ಕಮ್ಮ ಭೃಂಗರಾಜದ ಎಣ್ಣೆ ಕಾಯಿಸಲು ಎದ್ದು ಹೋದಳು.

ನಮ್ಮಲ್ಲಿ ಬಿಸಿಲಿನ ಭಯವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಭಯವಿದೆ, ಆದರೆ ಅದು ಬಣ್ಣದ ಭಯ. "ಬಿಸಲಾಗ ಅಡ್ಡಾಡಬ್ಯಾಡ, ಕರ್ರಗಾಗ್ತಿ" ಎಂಬ ಮಾತನ್ನು ಹೆಣ್ಣುಮಕ್ಕಳಿಗೆ ಹೇಳುತ್ತಾರೆ, ಗಂಡುಮಕ್ಕಳಿಗೆ ಅದನ್ನೂ ಹೇಳುವುದಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ಬಿಳುಪನ್ನು ಕಿತ್ತುಹಾಕಿತು, ಮದುವೆ ಮಾತುಕತೆಯಲ್ಲಿ ಎಣ್ಣೆಗೆಂಪು ಎಂಬ ಪದ ಇನ್ನೂ ಹಾಗೇ ಇದೆ. ಹುಬ್ಬಳ್ಳಿಯಲ್ಲಿರುವ ನಮ್ಮ ಸಂಬಂಧಿಕರ ಹುಡುಗಿ, ಮದುವೆಗೆ ಮೂರು ತಿಂಗಳಿದ್ದಾಗ, ಔಷಧದಂಗಡಿಯವನು ಕೇಳದೆಯೇ ಕೊಟ್ಟ ಟ್ಯೂಬೊಂದನ್ನು ಹಚ್ಚಿಕೊಳ್ಳತೊಡಗಿದಳು. ಮೊದಲ ಹದಿನೈದು ದಿನ ಮುಖ ತಿಳಿಯಾಯಿತು, ಆಮೇಲೆ ಕೆಂಪೇರಿ, ಗುಳ್ಳೆಯೆದ್ದು, ಒಲೆಯ ಮುಂದೆ ನಿಂತರೂ ಉರಿಯತೊಡಗಿತು. ಅದರಲ್ಲಿದ್ದದ್ದು ಸ್ಟೀರಾಯ್ಡ್. ಅಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಸರಕಾರ ನಿಯಮವನ್ನು ಬಿಗಿಗೊಳಿಸಿದೆ. ಅವಳಿಗೆ ಮೊದಲು ಇದ್ದದ್ದಾದರೂ ಏನು? ಎರಡೂ ಕೆನ್ನೆಯ ಮೇಲೆ ಕಂದುಬಣ್ಣದ ಬಂಗು. ಬಂಗಿಗೆ ಬಿಸಿಲೇ ಗೊಬ್ಬರ. ಏನೇ ಔಷಧ ಕೊಟ್ಟರೂ ಬಿಸಿಲಿನಿಂದ ಮುಖ ಕಾಯದಿದ್ದರೆ ಅದು ಮರಳಿ ಬರುತ್ತದೆ. ಸನ್‌ಸ್ಕ್ರೀನನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕುಂಕುಮದಷ್ಟು ಹಚ್ಚಿಕೊಳ್ಳುತ್ತಿದ್ದಳೇನೋ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಎಸ್‌ಪಿಎಫ್ ಎಂಬ ರಕ್ಷಣೆಯ ಅಂಕಿ 30 ಇರುವ ಕ್ರೀಮು ಚರ್ಮ ಸುಡುವ ಕಿರಣಗಳಲ್ಲಿ ಶೇ. 97ರಷ್ಟನ್ನೂ 50ರದು ಶೇ. 98ರಷ್ಟನ್ನೂ ತಡೆಯುತ್ತದೆ, ಅಂಕಿಯ ದುಬಾರಿತನಕ್ಕಿಂತ ಹಚ್ಚುವ ಧಾರಾಳತನ ಮುಖ್ಯ.

ಮುಪ್ಪಿನ ಮಾತಿಗೆ ಬಂದರೆ, ನಮ್ಮ ಸೋದರಮಾವ ಹುಬ್ಬಳ್ಳಿ-ಗದಗ ಮಾರ್ಗದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಎರಡೂ ಕೈಗಳನ್ನು ಜೋಡಿಸಿ ನೋಡಿದರೆ ಬಲಗೈ ಅಣ್ಣನದು, ಎಡಗೈ ತಮ್ಮನದು ಎನ್ನಬೇಕು: ಕಿಟಕಿಯ ಕಡೆಯ ಬಲಗೈ ಕಪ್ಪಾಗಿ, ಒಣಗಿದ ಬ್ಯಾಡಗಿ ಮೆಣಸಿನಕಾಯಿಯಂತೆ ಸುಕ್ಕುಗಟ್ಟಿದೆ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದ ಅಮೆರಿಕದ ಚಾಲಕರೊಬ್ಬರ ಮುಖದ ಎಡಭಾಗ ಮಾತ್ರ ಜೋತುಬಿದ್ದು ಸುಕ್ಕಾಗಿದ್ದ ಚಿತ್ರವನ್ನು 2012ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತ್ತು. ಮುಪ್ಪು ತರುವ ಕಿರಣಗಳು ಗಾಜನ್ನೂ ದಾಟುತ್ತವೆಂಬುದಕ್ಕೆ ಅದನ್ನು ಇಂದಿಗೂ ತೋರಿಸುತ್ತಾರೆ. ಮಾವನ ಕೈಯ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಇಷ್ಟೆಲ್ಲ ಸಿಟ್ಟು ಮಾಡಿಕೊಂಡು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದ ದಿನ ನನ್ನ ವಾದ ಸ್ವಲ್ಪ ಸಡಿಲವಾಯಿತೆಂದು ಒಪ್ಪಲೇಬೇಕು. ಜನವರಿಯೆಂದರೆ ಅಲ್ಲಿ ಹಬ್ಬ, ಕಣ್ಣು ಹಾಯುವವರೆಗೂ ಕೆಂಪು. ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದ ಹೆಂಗಸರೆಲ್ಲ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು, ಗುಂಡಿ ಕುತ್ತಿಗೆಯವರೆಗೆ. ತಲೆಯ ಮೇಲಿನ ಸೆರಗು ಮೂಗನ್ನೂ ಮುಚ್ಚಿ ಕಣ್ಣಷ್ಟೇ ಕಾಣುತ್ತಿತ್ತು. ಘಾಟಿಗಾಗಿಯೂ ಇರಬಹುದು, ಆದರೆ ಕೆಲಸ ಒಂದೇ. ಬ್ರಿಸ್ಬೇನಿನಲ್ಲಿ ಸಾವಿರಾರು ರೂಪಾಯಿಗೆ ಮಾರುವ ರಕ್ಷಣೆಯ ಅಂಗಿಗಿಂತ ಅದು ಕಡಿಮೆಯದೇನಲ್ಲ. ದಟ್ಟವಾಗಿ ನೇಯ್ದ ಗಾಢಬಣ್ಣದ ಬಟ್ಟೆ ಬಿಸಿಲನ್ನು ಚೆನ್ನಾಗಿಯೇ ತಡೆಯುತ್ತದೆ. ಹುಬ್ಬಳ್ಳಿಯಲ್ಲಿ ಸ್ಕೂಟರಿನ ಮೇಲೆ ಮೊಣಕೈವರೆಗೆ ಕೈಗವಸು ಹಾಕಿ, ದರೋಡೆಕೋರರಂತೆ ಮುಖಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಹೋಗುವ ಹುಡುಗಿಯರನ್ನೂ ನಾನು ಇಲ್ಲಿಗೆ ಸೇರಿಸಬೇಕು. ಅವರು ಕಾಯುತ್ತಿರುವುದು ಬಣ್ಣವನ್ನಾದರೂ ಉಳಿಯುತ್ತಿರುವುದು ಚರ್ಮ.

ಇನ್ನೂ ಒಂದೆರಡನ್ನು ಹೇಳಿಬಿಡುತ್ತೇನೆ. ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಂದು ಮಟ್ಟಿನ ಕೊಡೆಯೇ ಹೌದು, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಆಸ್ಟ್ರೇಲಿಯಾದವರಿಗಿಂತ ಬಹಳ ಕಡಿಮೆ. ಅಪರೂಪಕ್ಕೆ ಬರುವ ಮೆಲನೋಮ ಎಂಬ ಅಪಾಯದ ಬಗೆಯ ಚರ್ಮದ ಕ್ಯಾನ್ಸರ್ ಕೂಡ ಎಷ್ಟೋ ಸಲ ಅಂಗಾಲು, ಅಂಗೈ, ಉಗುರಿನ ಬುಡದಂಥ ಬಿಸಿಲು ಬೀಳದ ಜಾಗದಲ್ಲೇ ಬರುತ್ತದೆ. ಟೊಪ್ಪಿಗೆ ಕಲಿಸಿದ ಅದೇ ದೇಶದಲ್ಲಿ ಬಿಳಿ ಮೈಯನ್ನು ಕಂದಾಗಿಸಲೆಂದು ದುಡ್ಡು ಕೊಟ್ಟು ಮಲಗಿ ಸುಟ್ಟುಕೊಳ್ಳುವ ಅತಿನೇರಳೆ ದೀಪದ ಪೆಟ್ಟಿಗೆಗಳ ವ್ಯಾಪಾರ ಬಹುಪಾಲು ರಾಜ್ಯಗಳಲ್ಲಿ ನಿಷೇಧವಾದದ್ದು 2015ರಲ್ಲಿ ಮಾತ್ರ. ಕೊನೆಗೆ, ಹನ್ನೊಂದು ವರ್ಷ ಟೊಪ್ಪಿಗೆಯಡಿ ಬದುಕಿದ ನನ್ನ ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದೆಯೆಂದು ಅಲ್ಲಿನ ವೈದ್ಯರೇ ಹೇಳಿ, ನಿಮ್ಮ ಬಣ್ಣದವರಿಗೆ ನಮಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು ಎಂದು ಎಚ್ಚರಿಸಿದ್ದಾರೆ. ಇದನ್ನು ಚಿಕ್ಕಮ್ಮನಿಗೆ ನಾನು ಹೇಳಿಲ್ಲ.

ಧ್ವಜಾರೋಹಣದ ಮರುದಿನ ಮಗಳನ್ನು ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಹೊಲದ ಬದುವಿನ ಮೇಲೆ ಅದೇ ಮಾಸ್ತರರು ಆಳುಗಳ ಜೊತೆ ನಿಂತಿದ್ದರು. ತಲೆಗೆ ಟವಲನ್ನು, ಎರಡು ಸುತ್ತು ಸುತ್ತಿ, ಚುಂಗನ್ನು ಕುತ್ತಿಗೆಯ ಮೇಲೆ ಬಿಟ್ಟುಕೊಂಡಿದ್ದರು. ಮಗಳನ್ನು ನೋಡಿದ ಕೂಡಲೇ, "ಇಂಥಾ ಬಿಸಲಾಗ ಬರೇ ತಲಿಲೆ ಬಂದೀಯಲ್ಲವ್ವಾ, ಟೊಪ್ಪಿಗಿ ಎಲ್ಲೈತಿ?" ಎಂದು ಕೇಳಿದರು. "ಮನ್ಯಾಗ ಇಟ್ಟೀನ್ರಿ ಸರ್, ನೀವ ತಗಿ ಅಂದಿದ್ರಿ" ಎಂದಳು. ಮಾಸ್ತರರು ನನ್ನ ಮುಖ ನೋಡಿದರು. ಆಮೇಲೆ ತಲೆಯ ಟವಲನ್ನು ಬಿಚ್ಚಿ, ಒಮ್ಮೆ ಜಾಡಿಸಿ, ಅವಳ ತಲೆಗೆ ಸುತ್ತತೊಡಗಿದರು.