ಕೇಳಬೇಕಾದ್ದು ಮಗಳನ್ನು

ನಾವಿರುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕ್ಲಿನಿಕ್‌ನಲ್ಲಿ ಫಿಸಿಯೋ ನನ್ನನ್ನೂ ಮಾತಾಡಿಸಲಿಲ್ಲ, ನನ್ನ ಹೆಂಡತಿಯನ್ನೂ ಮಾತಾಡಿಸಲಿಲ್ಲ. ನೆಲದ ಮೇಲೆ ಕೂತು, ಕಾಲಿನಿಂದ ನಿನಗೇನು ತೊಂದರೆ ಅಂತ ಮಗಳನ್ನೇ ಕೇಳಿದರು. ಸೆರೆಬ್ರಲ್ ಪಾಲ್ಸಿ ಇರುವ ಆರು ವರ್ಷದ ಹುಡುಗಿ, ಮೆದುಳಿನ ತೊಂದರೆಯಿಂದ ಕಾಲಿನ ಸ್ನಾಯು ಬಿಗಿಯಾಗಿರುತ್ತೆ. "ಶೂ ಒಳಗೆ ಹಿಮ್ಮಡಿ ಕೂರಲ್ಲ" ಅಂದಳು. ಅದನ್ನೇ ಬರೆದುಕೊಂಡರು. ಮೀನಖಂಡಕ್ಕೆ ಬೊಟಾಕ್ಸ್, ಅಂದರೆ ಬಿಗಿದ ಸ್ನಾಯು ಸಡಿಲಿಸುವ ಇಂಜೆಕ್ಷನ್, ಕೊಡಿಸುವ ಮಾತು ಬಂದದ್ದು ಆಮೇಲೆ. ಅದರ ಪರಿಣಾಮ ಇರುವುದು ಹೆಚ್ಚುಕಮ್ಮಿ 3 ತಿಂಗಳು. ಅಷ್ಟರೊಳಗೆ ಪಾದವನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟು, ವ್ಯಾಯಾಮ ಬಿಡದೆ ನಡೆಯಬೇಕು. ಇಲ್ಲದಿದ್ದರೆ ಸುಮ್ನೆ ಸೂಜಿಯ ನೋವು.

ನಮ್ಮೂರು ದಾವಣಗೆರೆಯಲ್ಲಿ ಒಬ್ಬ ಡಾಕ್ಟರು ಅವಳ ತಲೆಯ ಮೇಲಿಂದಲೇ ನನ್ನ ಜೊತೆ ಮಾತಾಡಿ ಮುಗಿಸಿದರು. ನೆಂಟರದ್ದಂತೂ ಒಂದೇ ಪ್ರಶ್ನೆ, ಯಾವಾಗ ನಡೀತಾಳೆ? ಅವಳು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಾಳೆ, ಕನ್ನಡ ಚೆನ್ನಾಗೇ ಬರುತ್ತೆ. "ಎಣ್ಣೆ ಹಚ್ಚಿ ಜೋರಾಗಿ ಎಳಿಯೋ, ಸಡಿಲ ಆಗ್ತದೆ" ಅಂತ ನಮ್ಮ ಅತ್ತೆ. ಎಣ್ಣೆ ಇರಲಿ ಅತ್ತೆ, ಎಳೆಯೋದು ಬೇಡ. ಈ ಬಿಗಿತದ ಗುಣವೇ ಅದು, ರಪ್ಪನೆ ಎಳೆದಷ್ಟೂ ಸ್ನಾಯು ಗಟ್ಟಿಯಾಗಿ ಹಿಡಿಯುತ್ತೆ. ಪಾದವನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಒತ್ತಿದರೆ ತಾನಾಗೇ ಬಿಡುತ್ತಾ ಬರುತ್ತೆ.

ಬಿಗಿ ಪೂರ್ತಿ ಹೋಗಲಿ ಅಂತ ನನಗೂ ಆಸೆ ಇತ್ತು. ಸೊಂಟದ ಹತ್ತಿರ ಬೆನ್ನಲ್ಲಿ ಕೆಲವು ನರಗಳ ಎಳೆ ಕತ್ತರಿಸುವ ಆಪರೇಷನ್ ಇದೆ. 2018ರಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 3ರಿಂದ 9 ವರ್ಷದ ಆಯ್ದ ಮಕ್ಕಳಿಗೆ ಅದನ್ನು ಮಾಡಿಸುತ್ತೆ. ಕ್ಲಿನಿಕ್‌ನಲ್ಲಿ ವಿಚಾರಿಸಿದೆ. ಕೆಲವು ಮಕ್ಕಳು ಆ ಬಿಗಿತದ ಬಲದ ಮೇಲೇ ನಿಂತಿರುತ್ತಾರಂತೆ. ಅದನ್ನು ತೆಗೆದರೆ ಒಳಗಿನ ನಿಶ್ಶಕ್ತಿ ಹೊರಗೆ ಬಂದು ಕಾಲೇ ಕುಸಿಯಬಹುದು. ಮೊದಲು ಅವಳಿಗೆ ಏನು ಬೇಕು, ಕಾಲಲ್ಲಿ ಎಷ್ಟು ಶಕ್ತಿ ಇದೆ, ಅದನ್ನು ನೋಡೋಣ ಅಂದರು. ನಮ್ಮೂರ ಕಡೆ ಇಷ್ಟು ಮಾತಾಡೋಕೆ ಪುರುಸೊತ್ತಾದರೂ ಯಾರಿಗಿದೆ?

ಬೆಂಗಳೂರಲ್ಲಿ ಇಂಥ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ, ಇಲ್ಲ ಅನ್ನಲ್ಲ. ಆದರೆ ದಾವಣಗೆರೆಯಿಂದ ವಾರವಾರ ಮಗು ಎತ್ತಿಕೊಂಡು ಹೋಗೋಕಾಗುತ್ತಾ?

ಹಾಗಂತ ಇಲ್ಲಿ ನಾಟಿಂಗ್‌ಹ್ಯಾಮ್‌ನಲ್ಲೂ ಫಿಸಿಯೋ ದಿನಾ ಬರುವುದಿಲ್ಲ. ಹಾಳೆಯಲ್ಲಿ ವ್ಯಾಯಾಮ ಬರೆದು ಕೊಟ್ಟು ಹೋದರೆ ಮತ್ತೆ ಸಿಗುವುದು ಎಷ್ಟೋ ವಾರಕ್ಕೆ. ನಾವಿಬ್ಬರೂ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವಳು ತೂಕಡಿಸುತ್ತಿರುತ್ತಾಳೆ. ಊರಲ್ಲಾದರೆ ಅಜ್ಜಿ ಕಿಟಕಿ ಸರಳು ಹಿಡಿಸಿ ನಿಲ್ಲಿಸುತ್ತಾರೆ, ರಸ್ತೆಯಲ್ಲಿ ಹೋಗುವ ಬಸ್ಸು ಎಣಿಸೋ ನೆಪದಲ್ಲಿ ಅರ್ಧ ಗಂಟೆ ಕಳೆಯುತ್ತೆ. ಅಷ್ಟು ಹೊತ್ತು ಇಲ್ಲಿ ನನ್ನ ಕೈಲಿ ಯಾವತ್ತೂ ನಿಲ್ಲಿಸೋಕಾಗಿಲ್ಲ. ಬೊಟಾಕ್ಸ್ ಆದಮೇಲೆ ರಜೆಗೆ ಊರಿಗೇ ಕಳಿಸೋಣ ಅಂತಿದ್ದಾಳೆ ನನ್ನ ಹೆಂಡತಿ. ನಾನೂ ಬೇಡ ಅಂದಿಲ್ಲ.