ನಕ್ಷೆ ಬಿಡಿಸೋದು ಬಂತು, ಓದೋದು ಯಾವಾಗ?

ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬಿಡಿಸುವ ಪ್ರಶ್ನೆ ಅಂದ್ರೆ ಗ್ಯಾರಂಟಿ ಅಂಕ. ಚೌಕ ಹಾಕಿ ಬಿಡಿಸುವುದು, ಚುಕ್ಕಿ ಇಟ್ಟು ಬಿಡಿಸುವುದು, ಎಲ್ಲ ಉಪಾಯವನ್ನೂ ಹೇಳಿಕೊಟ್ಟಿರುತ್ತಾರೆ. ಮಕ್ಕಳು ಕಣ್ಣು ಮುಚ್ಚಿ ಗುಜರಾತಿನ ಅಂಚು ತಿದ್ದುತ್ತಾರೆ. ಅದರ ಮೇಲೆ ನನ್ನ ತಕರಾರಿಲ್ಲ. ಅಷ್ಟಕ್ಕೇ ನಿಲ್ಲಿಸಿಬಿಡುತ್ತೇವಲ್ಲ, ತಕರಾರು ಇರುವುದು ಅಲ್ಲಿ.

82½° ಪೂರ್ವ ರೇಖಾಂಶವನ್ನೇ ತಗೊಳ್ಳಿ. ದೇಶದ ಗಡಿಯಾರಗಳೆಲ್ಲ ಅದಕ್ಕೆ ಹೊಂದಿಕೊಂಡು ನಡೆಯುತ್ತವೆ ಅಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಬೆಂಗಳೂರು ಹೆಚ್ಚುಕಡಿಮೆ 77½°ಯಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷ, ಐದು ಡಿಗ್ರಿಗೆ 20. ಅಂದರೆ ಇಲ್ಲಿ ಸೂರ್ಯ ನೆತ್ತಿಯ ಕಡೆ ಬರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12:20ಕ್ಕೆ. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ವರ್ಷದುದ್ದಕ್ಕೂ ಇದು ಸ್ವಲ್ಪ ಹಿಂದುಮುಂದಾಗುತ್ತದೆ, ಇರಲಿ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಯಾವಾಗ ತೀರಾ ಗಿಡ್ಡವಾಗುತ್ತದೆ ನೋಡಿದರೆ ರೇಖಾಂಶದ ಪಾಠ ಅಲ್ಲೇ ಮುಗಿಯಿತು.

ಇನ್ನು ಸಮೋನ್ನತಿ ರೇಖೆ. ಟೋಪೋಶೀಟಿನಲ್ಲಿ, ಅಂದರೆ ಗುಡ್ಡ, ಕೆರೆ, ಹಳ್ಳ ಎಲ್ಲ ತೋರಿಸುವ ಸರ್ವೆ ನಕ್ಷೆಯಲ್ಲಿ, ಕಾಣುವ ಕಂದು ಗೆರೆಗಳು. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ರೇಖೆ ಅಂತ ಉರು ಹೊಡೆಸುತ್ತೇವೆ. ಮಗುವಿಗೆ ಏನೂ ಕಾಣಿಸುವುದಿಲ್ಲ. ಅದರ ಬದಲು ಬೇಸಿಗೆಯಲ್ಲಿ ಕೆರೆ ಹತ್ತಿರ ಕರ್ಕೊಂಡು ಹೋಗಿ. ನೀರು ಇಳಿಯುತ್ತಾ ಹೋದ ಹಾಗೆ ದಂಡೆಯ ಮೇಲೆ ಗೆರೆ ಬಿಟ್ಟಿರುತ್ತದೆ, ಒಂದರ ಕೆಳಗೊಂದು. ಪ್ರತಿ ಗೆರೆಯೂ ಕೆರೆಯ ಸುತ್ತ ಒಂದೇ ಮಟ್ಟದಲ್ಲಿ ಸಾಗುತ್ತದೆ. ದಂಡೆ ಕಡಿದಾಗಿದ್ದ ಕಡೆ, ಮೇಲಿಂದ ನೋಡಿದರೆ, ಗೆರೆಗಳು ಒತ್ತೊತ್ತಾಗಿರುತ್ತವೆ. ಇಳಿಜಾರು ಕಡಿಮೆ ಇದ್ದ ಕಡೆ ದೂರ ದೂರ. ಶೀಟಿನಲ್ಲಿರುವುದೂ ಇದೇ. 1:50,000 ಸ್ಕೇಲಿನ ಶೀಟಿನಲ್ಲಿ ಸಾಮಾನ್ಯವಾಗಿ ಎರಡು ಗೆರೆಗಳ ನಡುವೆ 20 ಮೀಟರ್ ಎತ್ತರದ ವ್ಯತ್ಯಾಸ. ಚಾರ್ಮಾಡಿ ಘಾಟಿಯ ಕಡೆ ಗೆರೆಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ವಿಜಯಪುರದ ಬಯಲಲ್ಲಿ ಹುಡುಕಬೇಕು.

ಅದೇ ಶೀಟಿನಲ್ಲಿ ಕೆರೆಯ ಆಕಾರವನ್ನೂ ನೋಡಿ. ಒಂದು ಬದಿ ನೆಟ್ಟಗೆ, ಉಳಿದದ್ದು ಅಂಕುಡೊಂಕು. ನೆಟ್ಟಗಿರುವುದು ಏರಿ. ಏರಿಯ ಆಚೆ ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಗದ್ದೆಗಳು. ಹಾಗಾಗಿ ನೀರಿನ ದಾರಿ ಆ ಕಡೆಗೆ. ಬಾಣದ ಗುರುತು ಬೇಕಾಗಿಲ್ಲ.

ಸ್ಕೇಲ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಈ ಶೀಟಿನಲ್ಲಿ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ಆದರೆ ಒಂದು ಮಾತು. ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರೆ 1:50,000 ಅಂತ ಬರೆದದ್ದು ಸುಳ್ಳಾಗುತ್ತದೆ. ಕೆಳಗೆ ಎಳೆದಿರುವ ಗೆರೆಯ ಸ್ಕೇಲ್ ಮಾತ್ರ ನಕ್ಷೆ ಜೊತೆಗೇ ಹಿಗ್ಗುತ್ತದೆ, ಹಾಗಾಗಿ ಸುಳ್ಳು ಹೇಳುವುದಿಲ್ಲ.

ಫೋನಿನಲ್ಲೇ ಮ್ಯಾಪ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಫೋನು ದಾರಿ ತೋರಿಸುತ್ತದೆ, ನಿಜ. ನೆಲ ಯಾವ ಕಡೆ ವಾಲಿದೆ ಅಂತ ತಾನಾಗಿ ಹೇಳುವುದಿಲ್ಲ. ಟೆರೇನ್ ಒತ್ತಿದರೆ ಗೆರೆಗಳು ಬರುತ್ತವೆ, ಆದರೆ ಅದನ್ನು ಒತ್ತುವವರು ಯಾರು? ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಹೋಗಿ ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರುತ್ತದೆ. ಪಶ್ಚಿಮದ ಕಡೆಯದು ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ. ಊರು ದಿಣ್ಣೆಯ ಮೇಲೆ ಕೂತು ಎರಡೂ ಕಡೆ ನೀರು ಇಳಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಬಡಾವಣೆಗಳಿಗೆ ಮಳೆನೀರು ನುಗ್ಗಿ ಜನ ಟ್ರ್ಯಾಕ್ಟರ್‌ನಲ್ಲಿ ಓಡಾಡಿದ್ದು ನೆನಪಿದೆ ಅಲ್ವಾ? ಸೈಟು ನೋಡುವಾಗ ವಾಸ್ತು ಕೇಳುತ್ತೇವೆ, ಮೆಟ್ರೋ ಎಷ್ಟು ದೂರ ಅಂತ ಕೇಳುತ್ತೇವೆ. ಹಳೇ ಟೋಪೋಶೀಟಿನಲ್ಲಿ ಆ ಜಾಗದಲ್ಲಿ ಹಳ್ಳದ ನೀಲಿ ಗೆರೆ ಇತ್ತಾ ಅಂತ ಮಾತ್ರ ಕೇಳಲ್ಲ.

ಪಾಠ ಮುಗಿಸೋದಕ್ಕೇ ಟೈಮಿಲ್ಲ ಅಂತಾರೆ ಮೇಷ್ಟ್ರುಗಳು. ನಕ್ಷೆ ಬಿಡಿಸುವ ಅಭ್ಯಾಸದಿಂದಲೇ ಎರಡು ಪೀರಿಯಡ್ ಕಡ ತಗೊಳ್ಳಿ. ಸರ್ವೆ ಆಫ್ ಇಂಡಿಯಾ 2017ರಿಂದ ಓಪನ್ ಸೀರೀಸ್ ಅನ್ನುವ ಟೋಪೋಶೀಟುಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ನಿಮ್ಮೂರಿನ ಶೀಟನ್ನೇ ತಗೊಳ್ಳಿ. ಶಾಲೆ ಎಲ್ಲಿದೆ ಹುಡುಕಿಸಿ, ಕೆರೆ ಕೋಡಿ ಬಿದ್ದರೆ ನೀರು ಯಾರ ಹೊಲಕ್ಕೆ ನುಗ್ಗುತ್ತದೆ ಕೇಳಿ. ಪ್ರಿಂಟ್ ಮಾತ್ರ ಕಲರ್‌ನಲ್ಲೇ ಹಾಕಿಸಿ. ಕಪ್ಪುಬಿಳುಪಿನಲ್ಲಿ ಕಂದು, ನೀಲಿ ಎರಡೂ ಒಂದೇ ಆಗಿ ಹಳ್ಳ ಯಾವುದು ಗುಡ್ಡದ ಗೆರೆ ಯಾವುದು ಅಂತ ಮೇಷ್ಟ್ರಿಗೂ ಗೊತ್ತಾಗುವುದಿಲ್ಲ.