ಬಾಡಿಗೆ, ಬಸ್ಸು, ಮಗು: ಇದರಲ್ಲಿ ಮೇಯರ್ ಕೈಯಲ್ಲಿ ಇರುವುದೆಷ್ಟು?

2025ರ ನ್ಯೂಯಾರ್ಕ್ ಮೇಯರ್ ಚುನಾವಣೆಯ ಫಲಿತಾಂಶ ಬಂದ ದಿನ ನನ್ನ ಫೀಡ್ ತುಂಬಾ ಒಂದೇ ಸುದ್ದಿ. ಸಿನಿಮಾ ನಿರ್ದೇಶಕಿ ಮೀರಾ ನಾಯರ್ ಮಗ ಗೆದ್ದರು, ಗೆದ್ದ ಭಾಷಣದಲ್ಲಿ ನೆಹರೂ ಮಾತು ನೆನೆದರು ಅಂತ. ಖುಷಿ ಪಡುವ ವಿಷಯವೇ. ಉಗಾಂಡಾದ ಕಂಪಾಲಾದಲ್ಲಿ ಹುಟ್ಟಿದ ಜೊಹ್ರಾನ್ ಮಮ್ದಾನಿ 34ನೇ ವಯಸ್ಸಿಗೆ ಅಷ್ಟು ದೊಡ್ಡ ಊರಿನ ಮೇಯರ್ ಆದರು. ಆದರೆ ತಿಂಗಳುಗಟ್ಟಲೆ ನಾನು ಈ ಚುನಾವಣೆಯ ಹಿಂದೆ ಬಿದ್ದಿದ್ದು ಅದಕ್ಕಲ್ಲ. ಅಲ್ಲಿ ಜನ ಜಗಳ ಆಡಿದ್ದು ಮನೆ ಬಾಡಿಗೆಗೆ, ಬಸ್ ಟಿಕೆಟ್‌ಗೆ, ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಪುಟ್ಟ ಮಗುವನ್ನು ಯಾರು ನೋಡಿಕೊಳ್ಳಬೇಕು ಅನ್ನುವುದಕ್ಕೆ. 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಮೇಯರ್ ಚುನಾವಣೆಯಲ್ಲಿ ಅಲ್ಲಿ ಅಷ್ಟು ಮತ ಬಿದ್ದಿದ್ದು 1969ರ ನಂತರ ಇದೇ ಮೊದಲು.

ಡಿಬೇಟ್ ನೋಡುವಾಗ ಪ್ರತಿ ಭರವಸೆಗೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಏಳುತ್ತಿತ್ತು. ಇದು ಮೇಯರ್ ಕೈಯಲ್ಲಿ ಇದೆಯಾ? ಇಲ್ಲ ಅಂದರೆ ಯಾರ ಕೈಯಲ್ಲಿದೆ? ಅವರನ್ನು ಹೇಗೆ ಒಪ್ಪಿಸುತ್ತೀರಿ?

ಮೊದಲು ಬಾಡಿಗೆ. ಆ ಊರಲ್ಲಿ ಸುಮಾರು 10 ಲಕ್ಷ ಮನೆಗಳ ಬಾಡಿಗೆಗೆ ನಿಯಂತ್ರಣ ಇದೆ. ಬಾಡಿಗೆ ಎಷ್ಟು ಏರಿಸಬಹುದು ಅಂತ ಒಂಬತ್ತು ಜನರ ಮಂಡಳಿ ಪ್ರತಿ ವರ್ಷ ತೀರ್ಮಾನ ಮಾಡುತ್ತದೆ. ಆ ಒಂಬತ್ತು ಜನರನ್ನೂ ನೇಮಿಸುವುದು ಮೇಯರ್. ಹಾಗಾಗಿ "ಬಾಡಿಗೆ ಏರಲು ಬಿಡಲ್ಲ" ಅನ್ನುವ ಮಮ್ದಾನಿ ಮಾತು ಗಾಳಿ ಮಾತಲ್ಲ. ಬಿಲ್ ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗ 2015 ಮತ್ತು 2016ರಲ್ಲಿ ಇದೇ ಮಂಡಳಿ ಒಂದು ವರ್ಷದ ಕರಾರಿಗೆ ಸೊನ್ನೆ ಏರಿಕೆ ಕೊಟ್ಟಿತ್ತು. ಅವರ ನಂತರ ಮೇಯರ್ ಆದ ಎರಿಕ್ ಆಡಮ್ಸ್ ಕಾಲದಲ್ಲಿ ಪ್ರತಿ ವರ್ಷ ಏರಿತು, 2025ರಲ್ಲಿ ಶೇ. 3. ಮೇಯರ್ ಬದಲಾದರೆ ಬಾಡಿಗೆ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೂ ಮಾಲೀಕರ ಮಾತನ್ನು ನಾನು ಸುಮ್ನೆ ತಳ್ಳಿಹಾಕಲಾರೆ. ದೊಡ್ಡ ಕಂಪನಿಗಳ ಮಾತಲ್ಲ ಇದು, ನೂರು ವರ್ಷ ಹಳೆಯ ಒಂದೇ ಕಟ್ಟಡ ಇಟ್ಟುಕೊಂಡವರದ್ದು. ವಿಮೆ, ತೆರಿಗೆ, ಪೈಪ್ ರಿಪೇರಿ ಎಲ್ಲ ಏರುತ್ತಿದೆ. ಮನೆ ಖಾಲಿಯಾದಾಗ, ರಿಪೇರಿ ಮಾಡಿಸಿದಾಗ ಬಾಡಿಗೆ ಜಾಸ್ತಿ ಮಾಡುವ ದಾರಿಗಳನ್ನು ರಾಜ್ಯದ 2019ರ ಕಾನೂನು ಬಹುಪಾಲು ಮುಚ್ಚಿತು. ಬಾಡಿಗೆ ತಡೆಯಿರಿ, ನಾನು ಅದರ ಪರ. ಜೊತೆಗೆ ಅಂಥ ಕಟ್ಟಡಗಳಿಗೆ ತೆರಿಗೆಯಲ್ಲಿ ಉಸಿರಾಡಲು ಜಾಗ ಕೊಡಿ. ಇಲ್ಲದಿದ್ದರೆ ಬಾಡಿಗೆ ಕಡಿಮೆ ಇರುವ ಮನೆಯಲ್ಲಿ ಚಾವಣಿ ಸೋರುತ್ತಿರುತ್ತದೆ. ಡಿಬೇಟ್‌ಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಹೊತ್ತು ಸಿಗಲಿಲ್ಲ. ಬದಲಿಗೆ ಎದುರಾಳಿ ಅಭ್ಯರ್ಥಿ ಆಂಡ್ರ್ಯೂ ಕ್ಯೂಮೊ, ಮಮ್ದಾನಿ ಆಗ ಇದ್ದ ನಿಯಂತ್ರಣದ ಮನೆಯ 2,300 ಡಾಲರ್ ತಿಂಗಳ ಬಾಡಿಗೆಯನ್ನೇ ಹಿಡಿದುಕೊಂಡರು. ನಿಯಂತ್ರಣದ ಮನೆ ಯಾರಿಗೆ ಸಿಗಬೇಕು ಅನ್ನುವುದು ಒಳ್ಳೆಯ ಪ್ರಶ್ನೆಯೇ. ಆದರೆ ಅದು ಒಬ್ಬ ಮನುಷ್ಯನ ವಿಳಾಸದ ಸುತ್ತಲೇ ಸುತ್ತಿ ನಿಂತುಬಿಟ್ಟಿತು.

ಬಸ್ಸಿನ ಕತೆ ಬೇರೆ. ಬಸ್ ಓಡಿಸುವುದು ಎಂಟಿಎ. ಅದು ನಗರದ್ದಲ್ಲ, ರಾಜ್ಯದ ಸಂಸ್ಥೆ. ಅದರ ಮೇಲೆ ಹಿಡಿತ ಇರುವುದು ಗವರ್ನರ್‌ಗೆ, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಉಚಿತ ಬಸ್ ಬೇಡ ಅಂತ ನಾನು ಹೇಳುತ್ತಿಲ್ಲ. 2023ರಿಂದ 2024ರವರೆಗೆ ನಗರದ ಐದು ಭಾಗಗಳಲ್ಲಿ (ಬರೋ ಅಂತಾರೆ) ತಲಾ ಒಂದು ರೂಟ್‌ನಲ್ಲಿ ಟಿಕೆಟ್ ಇಲ್ಲದೆ ಬಸ್ ಓಡಿಸಿ ನೋಡಿದ್ದರು. ಹತ್ತುವ ಜನ ಜಾಸ್ತಿ ಆದರು. ಅಂಥ ಪ್ರಯೋಗ ಮಾಡಿಸಲು ಶಾಸಕರಾಗಿದ್ದಾಗ ಮಮ್ದಾನಿಯವರೇ ಓಡಾಡಿದ್ದರು. ಅವರಿಗೆ ದಾರಿ ಗೊತ್ತು. ಆದರೆ ಮತದಾರರಿಗೂ ಆ ದಾರಿ ತೋರಿಸಬೇಕಿತ್ತಲ್ವಾ? "ಬಸ್ಸು ಫ್ರೀ, ಬಸ್ಸು ವೇಗ" ಅಂತ ಕೇಳಿದವರಲ್ಲಿ ಎಷ್ಟೋ ಜನ ಹೊಸ ಮೇಯರ್ ಅಧಿಕಾರ ಹಿಡಿಯುವ ಜನವರಿ ಒಂದಕ್ಕೇ ಆಗಿಬಿಡುತ್ತದೆ ಅಂದುಕೊಂಡಿರುತ್ತಾರೆ.

ಪೊಲೀಸ್ ವಿಷಯದಲ್ಲಿ ಹೆಚ್ಚು ಬರೆಯಲ್ಲ. ಕ್ಯೂಮೊ 5,000 ಪೊಲೀಸರನ್ನು ಸೇರಿಸುತ್ತೇನೆ ಅಂದರು, ರಿಪಬ್ಲಿಕನ್ ಅಭ್ಯರ್ಥಿ ಕರ್ಟಿಸ್ ಸ್ಲಿವಾ ಅದಕ್ಕಿಂತ ಜಾಸ್ತಿ ಅಂದರು. ಮಾನಸಿಕ ತೊಂದರೆಯ ಕರೆ ಬಂದಾಗ ಬಂದೂಕಿನವರ ಬದಲು ತರಬೇತಿ ಪಡೆದವರನ್ನು ಕಳಿಸುವ ಹೊಸ ಇಲಾಖೆ ಮಾಡುತ್ತೇನೆ ಅಂದರು ಮಮ್ದಾನಿ. ನನಗೆ ಅದು ಸರಿ ಅನ್ನಿಸಿತು. ಇದು ಬಹುಮಟ್ಟಿಗೆ ಮೇಯರ್ ಕೈಯಲ್ಲೇ ಇದೆ.

ನನಗೆ ನಿಜಕ್ಕೂ ನೋವಾಗಿದ್ದು ಮತಪತ್ರದ ಹಿಂಬದಿಯ ಬಗ್ಗೆ. ಮುಂದೆ ಅಭ್ಯರ್ಥಿಗಳ ಹೆಸರು, ಹಿಂದೆ ಮನೆ ಕಟ್ಟುವ ನಿಯಮಗಳ ಬಗ್ಗೆ ಮೂರು ಪ್ರಶ್ನೆ. ಹೊಸ ಮನೆಗಳಿಗೆ ಬೇಗ ಅನುಮತಿ ಕೊಡಬೇಕಾ, ಅದನ್ನು ತಡೆಯುವಲ್ಲಿ ನಗರದ ಕೌನ್ಸಿಲ್‌ಗೆ ಇರುವ ಅಧಿಕಾರ ಕಡಿಮೆ ಮಾಡಬೇಕಾ ಅಂತ. ಬಾಡಿಗೆ ಇಳಿಯಬೇಕಾದರೆ ಮನೆಗಳು ಹೆಚ್ಚಬೇಕು. ಮುಂದಿನ ಇಪ್ಪತ್ತು ವರ್ಷ ಆ ಊರಿನ ಮೇಲೆ ಇದರ ಪರಿಣಾಮ ಇರುತ್ತದೆ. ಅಕ್ಟೋಬರ್ 22ರ ಡಿಬೇಟ್‌ನಲ್ಲಿ ಕೇಳಿದರೆ ಮಮ್ದಾನಿ ಉತ್ತರ ಕೊಡಲಿಲ್ಲ. ನವೆಂಬರ್ 4ರಂದು ಮತ ಹಾಕಿ ಹೊರಗೆ ಬಂದ ಮೇಲೆ "ಹೌದು" ಅಂತ ಹಾಕಿದೆ ಅಂದರು. ಕೌನ್ಸಿಲ್‌ನವರ ಜೊತೆ ಮುಂದೆ ಕೆಲಸ ಮಾಡಬೇಕು, ಅವರನ್ನು ಎದುರು ಹಾಕಿಕೊಳ್ಳುವುದು ಬೇಡ ಅನ್ನಿಸಿರಬಹುದು. ನಾನು ಅವರನ್ನು ಮೆಚ್ಚುವವನು. ಮೆಚ್ಚುವವನಾಗಿಯೇ ಹೇಳುತ್ತೇನೆ, ಮನೆಯ ಬಗ್ಗೆಯೇ ಪ್ರಚಾರ ಮಾಡಿದವರು ಮನೆಯ ಪ್ರಶ್ನೆಗೆ ಸುಮ್ಮನಿರಬಾರದಿತ್ತು. ಕ್ಯೂಮೊ ಈ ವಿಷಯದಲ್ಲಿ ಮೊದಲೇ ಬಾಯಿಬಿಟ್ಟು "ಹೌದು" ಅಂದಿದ್ದರು. ಅದನ್ನೂ ಒಪ್ಪಿಕೊಳ್ಳಬೇಕು. ಮೂರೂ ಪಾಸಾದವು.

ಕೊನೆಯದು ಮಗು. ಆರು ವಾರದಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಆರೈಕೆ. ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ಬೇಕು. ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ದುಡಿಯುವವರ ಮೇಲೆ ಶೇ. 2 ಹೆಚ್ಚುವರಿ ತೆರಿಗೆ, ಕಂಪನಿಗಳ ಮೇಲೆ ಇನ್ನಷ್ಟು. ತೆರಿಗೆ ಏರಿಸುವ ಅಧಿಕಾರ ಆಲ್ಬನಿಯಲ್ಲಿ ಕೂತ ರಾಜ್ಯ ಸರ್ಕಾರದ್ದು. ಗವರ್ನರ್ ಕ್ಯಾಥಿ ಹೋಕಲ್ ಮಮ್ದಾನಿಗೆ ಬೆಂಬಲ ಕೊಟ್ಟರು, ಆದರೆ ಆದಾಯ ತೆರಿಗೆ ಏರಿಸಲ್ಲ ಅಂದರು. "ಹಾಗಾದರೆ ಇದು ಸುಳ್ಳು ಭರವಸೆ" ಅಂತ ಎದುರಾಳಿಗಳು ಹೇಳಿದಾಗ ನನಗೆ 2014 ನೆನಪಾಯಿತು.

ಆಗಲೂ ಹೀಗೇ ಆಗಿತ್ತು. ನಾಲ್ಕು ವರ್ಷದ ಮಕ್ಕಳಿಗೆಲ್ಲ ಉಚಿತ ಶಾಲೆ, ಅದಕ್ಕೆ 5 ಲಕ್ಷ ಡಾಲರಿಗಿಂತ ಹೆಚ್ಚು ಆದಾಯ ಇರುವವರ ಮೇಲೆ ತೆರಿಗೆ ಅಂತ ಡಿ ಬ್ಲಾಸಿಯೊ ಗೆದ್ದು ಬಂದರು. ಗವರ್ನರ್ ತೆರಿಗೆಗೆ ಒಪ್ಪಲಿಲ್ಲ. ಆದರೆ ಅಷ್ಟು ಜನ ಮತ ಹಾಕಿ ಕೇಳಿದ್ದನ್ನು ಇಲ್ಲ ಅನ್ನಲೂ ಆಗಲಿಲ್ಲ. ರಾಜ್ಯದ ಬಜೆಟ್‌ನಿಂದಲೇ ಸುಮಾರು 30 ಕೋಟಿ ಡಾಲರ್ ಬಂತು. ಆ ಸೆಪ್ಟೆಂಬರ್‌ನಲ್ಲೇ 50 ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಹೋದರು. ಆ ಗವರ್ನರ್ ಇದೇ ಆಂಡ್ರ್ಯೂ ಕ್ಯೂಮೊ. ಅವರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ನಾನು ಮೇಯರ್ ಕೈಯಲ್ಲಿ ಇಲ್ಲದ ಭರವಸೆಯನ್ನು ಸುಳ್ಳು ಅನ್ನಲ್ಲ. ಅದು ಮೇಲಿನವರ ಮುಂದೆ ಇಡುವ ಒತ್ತಾಯ. ಅದಕ್ಕೆ ಬಲ ಬರುವುದು ಬಿದ್ದ ಮತಗಳಿಂದ. ಆದರೆ "ಇದನ್ನು ನಾನೊಬ್ಬನೇ ಮಾಡಲಾರೆ, ನೀವು ನನ್ನ ಬೆನ್ನಿಗೆ ನಿಲ್ಲಬೇಕು" ಅಂತ ಅಭ್ಯರ್ಥಿ ಬಾಯಿಬಿಟ್ಟು ಹೇಳಬೇಕು.

2026ರ ಜನವರಿಯಲ್ಲಿ ಹೋಕಲ್ ಮತ್ತು ಮಮ್ದಾನಿ ಒಟ್ಟಿಗೆ ನಿಂತು ಎರಡು ವರ್ಷದ ಮಕ್ಕಳ ಉಚಿತ ಆರೈಕೆಗೆ ರಾಜ್ಯ ಹಣ ಕೊಡುತ್ತದೆ ಅಂತ ಹೇಳಿದರು. ಅದಕ್ಕಾಗಿ ಶ್ರೀಮಂತರ ಆದಾಯ ತೆರಿಗೆ ಏರಿಸಲಿಲ್ಲ, ದುಡ್ಡು ಬೇರೆ ಕಡೆಯಿಂದ ಬಂತು. ಹನ್ನೆರಡು ವರ್ಷದ ಹಿಂದಿನ ಹಾಗೆಯೇ. ಬಸ್ ಟಿಕೆಟ್ ಮಾತ್ರ ಅದೇ ತಿಂಗಳು 2.90 ಡಾಲರಿಂದ 3 ಡಾಲರಿಗೆ ಏರಿತು. ಏರಿಸಿದ್ದು ಎಂಟಿಎ.